ಹನ್ನೆರಡು ಕಿಟಕಿ, ಒಬ್ಬಳು ಸಾರಾ

ಯಾರಾದ್ರೂ ತೀರಿಕೊಂಡರೆ ನಮ್ಮ ಮನೆಗಳಲ್ಲಿ ಏನಾಗುತ್ತೆ ಅಂತ ನಿಮಗೆ ಗೊತ್ತೇ ಇದೆ. ಇದ್ದುದರಲ್ಲಿ ಚೆನ್ನಾಗಿರೋ ಫೋಟೋ ಒಂದನ್ನು ಹುಡುಕ್ತೀವಿ. ಹೆಚ್ಚಾಗಿ ಅದು ಯಾವುದೋ ಮದುವೆಯ ಗ್ರೂಪ್ ಫೋಟೋದಿಂದ ಕತ್ತರಿಸಿದ್ದಾಗಿರುತ್ತೆ. ಸ್ಟುಡಿಯೋದವರು ಹಿಂದೆ ತಿಳಿನೀಲಿ ಬಣ್ಣ ತುಂಬಿ ಫ್ರೇಮ್ ಹಾಕಿ ಕೊಡ್ತಾರೆ. ಅದಕ್ಕೊಂದು ಗಂಧದ ಹಾರ. ವರ್ಷಕ್ಕೊಮ್ಮೆ ತಿಥಿ, ಪೇಪರಿನಲ್ಲಿ ಅಂಗೈಯಗಲದ ಪುಣ್ಯಸ್ಮರಣೆ. ಈಗ ಇದಕ್ಕೆ ವಾಟ್ಸ್‌ಆ್ಯಪ್ ಸ್ಟೇಟಸ್ಸೂ ಸೇರಿಕೊಂಡಿದೆ. ಅದರ ಆಯಸ್ಸು 24 ಗಂಟೆ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಇದೇ ಕೆಲಸವನ್ನು ಚರ್ಚಿನ ಕಿಟಕಿ ಮಾಡುತ್ತೆ. 19ನೇ ಶತಮಾನದಲ್ಲಿ ಈ ರೂಢಿ ಜೋರಾಯಿತು. ಊರಿನ ಜಮೀನ್ದಾರ, ಹಳೆಯ ಪಾದ್ರಿ, ಎಳೆಯ ವಯಸ್ಸಿನಲ್ಲೇ ಹೋದ ಮಗು, ಆಮೇಲೆ ಮೊದಲ ಮಹಾಯುದ್ಧದಿಂದ ವಾಪಸ್ ಬರದ ಹುಡುಗರು, ಹೀಗೆ ಯಾರ್ಯಾರದ್ದೋ ನೆನಪಿಗೆ ಮನೆಯವರು ಬಣ್ಣದ ಗಾಜಿನ ಕಿಟಕಿ ಮಾಡಿಸಿಕೊಡ್ತಿದ್ದರು. ಮೇಲೆ ಯಾರೋ ಸಂತರ ಚಿತ್ರ, ಕೆಳಗೆ ಒಂದು ಸಣ್ಣ ಪಟ್ಟಿಯಲ್ಲಿ ಹೆಸರು, ಇಸವಿ. ನಮ್ಮ ದೇವಸ್ಥಾನಗಳ ಮೆಟ್ಟಿಲ ಮೇಲೆ, ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆಸ್ತಾರಲ್ಲ, ಹತ್ತಿರತ್ತಿರ ಹಾಗೇ. ಇಲ್ಲಿ ಹೆಸರು ಕೊಟ್ಟವರದ್ದಲ್ಲ, ಹೋದವರದ್ದು, ಅಷ್ಟೇ ವ್ಯತ್ಯಾಸ.

ಇಂಥ ಕಿಟಕಿಗಳು ಅಲ್ಲಿ ಊರೂರಿಗೂ ಇವೆ. ಇವತ್ತು ನಾನು ಹೇಳಹೊರಟಿರೋದು ಒಂದೇ ಒಂದು ಊರಿನ ಬಗ್ಗೆ. ಅದರ ಹೆಸರು ಟ್ಯೂಡ್ಲಿ. ಲಂಡನ್ನಿನಿಂದ ಟನ್‌ಬ್ರಿಜ್‌ಗೆ ರೈಲಿನಲ್ಲಿ ಒಂದು ಗಂಟೆಯೊಳಗೆ ಹೋಗಬಹುದು, ಅಲ್ಲಿಂದ ಕೆಲವೇ ಕಿಲೋಮೀಟರ್. ಕೆಂಟ್ ಪ್ರಾಂತ್ಯದ ಈ ಪುಟ್ಟ ಹಳ್ಳಿಯಲ್ಲಿ ಆಲ್ ಸೇಂಟ್ಸ್ ಅನ್ನೋ ಚರ್ಚಿದೆ. ಹೊರಗಿನಿಂದ ನೋಡಿದರೆ ಇಟ್ಟಿಗೆಯ ಗೋಪುರ, ಸುತ್ತ ಸಮಾಧಿಗಳು, ಹೊಲ. ಇಲ್ಲೇನಿದೆ ಮಹಾ ಅನ್ನಿಸುತ್ತೆ. ಆದರೆ ಇದರ ಹನ್ನೆರಡೂ ಕಿಟಕಿಗಳನ್ನು ರೂಪಿಸಿದ್ದು ಮಾರ್ಕ್ ಶಗಾಲ್. ಎಲ್ಲಾ ಕಿಟಕಿಗಳೂ ಶಗಾಲ್‌ರದ್ದೇ ಆಗಿರುವ ಚರ್ಚು ಜಗತ್ತಿನಲ್ಲಿ ಇದೊಂದೇ. ಅದಕ್ಕೆ ಕಾರಣ 21 ವರ್ಷದ ಒಬ್ಬ ಹುಡುಗಿ.

ಅವಳ ಹೆಸರು ಸಾರಾ. ಸಾರಾ ಡಾವಿಗ್ಡೋರ್-ಗೋಲ್ಡ್‌ಸ್ಮಿಡ್. ಹತ್ತಿರದ ಸೋಮರ್‌ಹಿಲ್ ಅನ್ನೋ ದೊಡ್ಡ ಬಂಗಲೆ ಅವರ ಮನೆ. ಅಪ್ಪ ಸರ್ ಹೆನ್ರಿ ಯಹೂದಿ, ಸಂಸತ್ ಸದಸ್ಯರೂ ಆಗಿದ್ದವರು. ಅಮ್ಮ ಲೇಡಿ ರೋಸ್‌ಮೇರಿ ಆಂಗ್ಲಿಕನ್ ಕ್ರೈಸ್ತರು. ಮಗಳು ಬೆಳೆದದ್ದು ಅಮ್ಮನ ಧರ್ಮದಲ್ಲಿ. ಅವಳಿಗೆ ಹೊಸ ಕಾಲದ ಚಿತ್ರಕಲೆ ಅಂದರೆ ಆಸೆ. 1961ರಲ್ಲಿ ಶಗಾಲ್ ಜೆರುಸಲೇಮಿನ ಹಡಾಸಾ ಆಸ್ಪತ್ರೆಯ ಪ್ರಾರ್ಥನಾಲಯಕ್ಕೆ ಅಂತ ಮಾಡಿದ್ದ ಹನ್ನೆರಡು ಕಿಟಕಿಗಳು ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಪ್ರದರ್ಶನಕ್ಕಿದ್ದವು. ಸಾರಾ ಅಮ್ಮನ ಜೊತೆ ಹೋಗಿ ಅವನ್ನು ನೋಡಿ ಬಂದಳು, ಬಹಳ ಮೆಚ್ಚಿಕೊಂಡಳು.

ಎರಡು ವರ್ಷದ ನಂತರ, 1963ರ ಸೆಪ್ಟೆಂಬರ್‌ನಲ್ಲಿ, ರೈ ಅನ್ನೋ ಊರಿನ ಬಳಿ ಸಮುದ್ರದಲ್ಲಿ ಅವಳಿದ್ದ ಹಾಯಿದೋಣಿ ಅಪಘಾತಕ್ಕೆ ಸಿಕ್ಕಿತು. ಸಾರಾ ಮುಳುಗಿದಳು. ಜೊತೆಗಿದ್ದ ಗೆಳೆಯರಲ್ಲೊಬ್ಬ ಹುಡುಗನೂ ತೀರಿಕೊಂಡ.

21 ವರ್ಷ ಅಂದರೆ ನಮ್ಮಲ್ಲಿ ಕಡೆಯ ಸೆಮಿಸ್ಟರ್, ಕ್ಯಾಂಪಸ್ ಪ್ಲೇಸ್‌ಮೆಂಟಿನ ವಯಸ್ಸು. ಸ್ಮಾರಕದ ಕಲ್ಲಿನ ಮೇಲೆ ಬರೆಸೋದಕ್ಕೆ ಅಷ್ಟರಲ್ಲಿ ಏನಿರುತ್ತೆ ಹೇಳಿ? ಹುದ್ದೆ ಇಲ್ಲ, ಸಾಧನೆ ಇಲ್ಲ, ಬಿರುದು ಇಲ್ಲ. ಅಪ್ಪ ಅಮ್ಮನ ಹತ್ತಿರ ಇದ್ದದ್ದು ಒಂದು ಗೊತ್ತಿರೋ ಸಂಗತಿ, ಇವಳಿಗೆ ಆ ಕಿಟಕಿಗಳು ಇಷ್ಟವಾಗಿದ್ದವು ಅಂತ. ಅವರು ಅದನ್ನೇ ಹಿಡಿದುಕೊಂಡು ಶಗಾಲ್‌ರ ಹತ್ತಿರ ಹೋದರು.

ಶಗಾಲ್ ಯಾರು ಅಂತ ಎರಡು ಮಾತು. 1887ರಲ್ಲಿ ಈಗಿನ ಬೆಲಾರೂಸಿನ ವಿಟೆಬ್ಸ್ಕ್‌ನಲ್ಲಿ ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ನಾಜಿಗಳ ಕೈಗೆ ಸಿಕ್ಕಿದ್ದ ಫ್ರಾನ್ಸ್ ಬಿಟ್ಟು 1941ರಲ್ಲಿ ಅಮೆರಿಕಕ್ಕೆ ಪಾರಾದವರು. ಅಲ್ಲೇ 1944ರಲ್ಲಿ ಹೆಂಡತಿ ಬೆಲ್ಲಾ ಹೋದರು, ಆಮೇಲೆ ಎಷ್ಟೋ ತಿಂಗಳು ಶಗಾಲ್ ಕುಂಚ ಮುಟ್ಟಲಿಲ್ಲ. ದುಃಖ ಏನು ಅಂತ ಯಾರೂ ಅವರಿಗೆ ಹೊಸದಾಗಿ ಹೇಳಿಕೊಡಬೇಕಿರಲಿಲ್ಲ.

ಮೊದಲು ಒಪ್ಪಂದವಾದದ್ದು ಒಂದೇ ಕಿಟಕಿಗೆ, ಪೂಜಾಪೀಠದ ಹಿಂದಿನ ಪೂರ್ವದ ದೊಡ್ಡ ಕಿಟಕಿಗೆ. 1967ರಲ್ಲಿ ಅದನ್ನು ಕೂರಿಸಿದಾಗ ಶಗಾಲ್ ಟ್ಯೂಡ್ಲಿಗೆ ಬಂದರು. ಚರ್ಚಿನೊಳಗೆ ನಿಂತು ನೋಡಿದವರೇ, ಉಳಿದವನ್ನೂ ನಾನೇ ಮಾಡ್ತೀನಿ ಅಂದುಬಿಟ್ಟರು. ಆ ವರ್ಷ ಅವರಿಗೆ 80 ತುಂಬಿತ್ತು. ಕೊನೆಯ ಕಿಟಕಿಗಳು ಬಂದು ಕೂತದ್ದು 1985ರಲ್ಲಿ. ಅದೇ ವರ್ಷ ಮಾರ್ಚ್‌ನಲ್ಲಿ, 97ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅಂದರೆ ತಾನು ಅರಿಯದ ಒಬ್ಬ ಹುಡುಗಿಯ ನೆನಪಿನ ಕೆಲಸ ಆ ಮನುಷ್ಯನ ಬದುಕಿನ ಕೊನೆಯ ಎರಡು ದಶಕದ ಉದ್ದಕ್ಕೂ ಹಬ್ಬಿತು. ನಾವು ಎರಡು ವಾರದ ಸ್ಪ್ರಿಂಟ್‌ ಮುಗಿಸೋಕೇ ಒದ್ದಾಡೋ ಜನ.

ಇಂಜಿನಿಯರ್ ಬುದ್ಧಿ ಬಿಡಲ್ಲ ನೋಡಿ, ಇದನ್ನು ಮಾಡೋದು ಹೇಗೆ ಅಂತಲೂ ಹೇಳಿಬಿಡ್ತೀನಿ. ಬಣ್ಣದ ಗಾಜಿಗೆ ಮೇಲಿನಿಂದ ಬಣ್ಣ ಬಳಿಯೋದಿಲ್ಲ, ಬಣ್ಣ ಗಾಜಿನ ಒಳಗೇ ಇರುತ್ತೆ. ಕರಗಿದ ಗಾಜಿಗೆ ಕೋಬಾಲ್ಟ್ ಸೇರಿಸಿದರೆ ನೀಲಿ, ತಾಮ್ರವೋ ಚಿನ್ನವೋ ಸೇರಿದರೆ ಕೆಂಪು. ಒಂದು ತುಂಡಿಗೆ ಒಂದು ಬಣ್ಣ, ತುಂಡು ತುಂಡನ್ನು ಸೀಸದ ಪಟ್ಟಿಯಲ್ಲಿ ಜೋಡಿಸ್ತಾರೆ. ಬಣ್ಣ ಬದಲಾದಲ್ಲೆಲ್ಲ ಕಪ್ಪು ಗೆರೆ ಬರಲೇಬೇಕು. ಶಗಾಲ್‌ರ ಚಿತ್ರಗಳೋ, ಒಂದು ಬಣ್ಣ ಇನ್ನೊಂದರೊಳಗೆ ಕರಗಿ ಹೋಗುವಂಥವು. ಈ ಸಮಸ್ಯೆ ಬಿಡಿಸಿದ್ದು ಫ್ರಾನ್ಸಿನ ರೀಮ್ಸ್ ಊರಿನ ಗಾಜು ಕುಶಲಿ ಶಾರ್ಲ್ ಮಾರ್ಕ್. ಬಿಳಿ ಗಾಜಿನ ಮೇಲೆ ತೆಳುವಾದ ಬಣ್ಣದ ಪದರ ಇರೋ ಗಾಜು ತಗೊಂಡು, ಆ ಪದರವನ್ನು ಆ್ಯಸಿಡ್ಡಿನಿಂದ ಬೇಕಾದಲ್ಲಿ ಬೇಕಾದಷ್ಟು ಸವೆಸಿದರು. ಹಾಗಾಗಿ ಒಂದೇ ತುಂಡಿನಲ್ಲಿ ಕಡುನೀಲಿ ತಿಳಿಯಾಗುತ್ತಾ ಬಿಳಿಯವರೆಗೂ ಹೋಗೋದು ಸಾಧ್ಯವಾಯಿತು. ಅದರ ಮೇಲೆ ಶಗಾಲ್ ಕೈಯಾರೆ ಕಪ್ಪು ಗೆರೆಗಳನ್ನು ಬರೆದರು, ಬೆರಳಿನಿಂದ, ಕುಂಚದಿಂದ ಒರೆಸಿ ನೆರಳು ತಂದರು. ಆಮೇಲೆ 600 ಡಿಗ್ರಿ ದಾಟಿದ ಕುಲುಮೆಯಲ್ಲಿ ಅದನ್ನು ಸುಟ್ಟು ಗಾಜಿಗೆ ಅಂಟಿಸಿದರು. ಹೆಸರು ಶಗಾಲ್‌ರದ್ದು ಬಂತು, ಸರಿಯೇ. ಆದರೆ ಹಿಂದೆ ನಿಂತ ಕೈಗಳನ್ನೂ ನೆನೆಯೋದು ನಮ್ಮಂಥ ಕೆಲಸದವರಿಗೆ ಚೆನ್ನಾಗಿ ಅರ್ಥವಾಗುತ್ತೆ ಅಂದ್ಕೊಂಡಿದ್ದೀನಿ.

ಪ್ರಾಜೆಕ್ಟ್ ಅಂತ ಕೆಲವು ತಿಂಗಳು ಲಂಡನ್ನಿನಲ್ಲಿದ್ದಾಗ ಒಂದು ಶನಿವಾರ ನಾನು ಅಲ್ಲಿಗೆ ಹೋಗಿದ್ದೆ. ಪೂರ್ವದ ಕಿಟಕಿಯನ್ನು ಹೇಗೆ ನೋಡಬೇಕು ಅಂತ ಹೇಳ್ತೀನಿ. ಕೆಳಗಿನಿಂದ ಶುರುಮಾಡಿ. ಕೆಳಗೆ ನೀಲಿ ನೀರು, ನೀರಿನಲ್ಲಿ ಸಾರಾ ತೇಲುತ್ತಿದ್ದಾಳೆ. ಹತ್ತಿರದಲ್ಲೇ ದುಃಖಿಸುತ್ತಿರುವವರು, ಮಕ್ಕಳನ್ನು ಹಿಡಿದುಕೊಂಡ ತಾಯಿ. ಇನ್ನೂ ಮೇಲೆ ಒಂದು ಕೆಂಪು ಕುದುರೆ. ಅಷ್ಟೊಂದು ನೀಲಿಯ ನಡುವೆ ಕಣ್ಣು ಥಟ್ಟನೆ ಹೋಗಿ ನಿಲ್ಲೋದು ಅಲ್ಲೇ. ಆಮೇಲೆ ಒಂದು ಏಣಿ. ಏಣಿಯ ತುದಿಯಲ್ಲಿ ಶಿಲುಬೆಯ ಮೇಲಿನ ಕ್ರಿಸ್ತ. ನಮ್ಮ ವೀರಗಲ್ಲುಗಳನ್ನು ಓದೋ ಕ್ರಮವೂ ಇದೇ ಅಲ್ವಾ? ಕೆಳಗಿನ ಪಟ್ಟಿಯಲ್ಲಿ ಸಾವು ಹೇಗಾಯಿತು ಅಂತ, ನಡುವೆ ಮೇಲಕ್ಕೆ ಕರೆದೊಯ್ಯುವುದು, ತುದಿಯಲ್ಲಿ ದೇವರ ಸನ್ನಿಧಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ನಾಡುಗಳು ದುಃಖವನ್ನು ಕೆಳಗಿಟ್ಟು ಕಣ್ಣನ್ನು ಮೇಲಕ್ಕೆ ಎತ್ತಿಸಿದವಲ್ಲ ಅಂತ ಅನ್ನಿಸಿತು. ಯಹೂದಿ ಕಲಾವಿದ, ಯಹೂದಿ ಅಪ್ಪ, ಕ್ರೈಸ್ತ ಅಮ್ಮ, ಶಿಲುಬೆ. ಆ ಗಾಜಿನಲ್ಲಿ ಇವು ಯಾವುದೂ ಜಗಳಕ್ಕೆ ನಿಂತಿಲ್ಲ.

ಉಳಿದ ಹನ್ನೊಂದರಲ್ಲಿ ಸಾವಿನ ಕತೆ ಇಲ್ಲ. ಹಕ್ಕಿ, ಮೀನು, ಎಲೆ, ದೇವದೂತರು, ಬಹುಪಾಲು ಬಣ್ಣವೇ. ಒಂದು ಕಡೆಯದು ನೀಲಿಯ ಸಾಲು, ಇನ್ನೊಂದು ಕಡೆ ಬಿಸಿಲಿನಂಥ ಹಳದಿ. ಮೋಡ ಸರಿದಾಗ ಎದುರಿನ ಗೋಡೆಯ ಮೇಲೆ, ಬೆಂಚಿನ ಮೇಲೆ ಬಣ್ಣ ಬಂದು ಬೀಳುತ್ತೆ. ಫೋನಿನಲ್ಲಿ ಹಿಡಿಯೋಕೆ ನೋಡಿದೆ, ಆ ನೀಲಿ ಫೋಟೋಗೆ ಬರಲ್ಲ. ಹೊರಗೆ ಬಂದು ಅದೇ ಕಿಟಕಿಯನ್ನು ನೋಡಿದರೆ ಬರೀ ಕಪ್ಪು. ಅದು ಕಾಣಬೇಕಾದರೆ ಎರಡು ಬೇಕು, ಹೊರಗೆ ಬೆಳಕು, ಒಳಗೆ ಒಬ್ಬ ಮನುಷ್ಯ.

ಇಷ್ಟೆಲ್ಲ ಮೆಚ್ಚಿದ ಮೇಲೂ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಶಗಾಲ್‌ರನ್ನು ಕರೆಸೋದು ಎಲ್ಲಾ ಅಪ್ಪ ಅಮ್ಮಂದಿರ ಕೈಲಿ ಆಗುತ್ತಾ? ಅದೇ ದೋಣಿಯಲ್ಲಿ ಹೋದ ಇನ್ನೊಬ್ಬ ಹುಡುಗನ ಮನೆಯಲ್ಲೂ ಅಷ್ಟೇ ಅತ್ತಿರುತ್ತಾರೆ. ಚರ್ಚಿನ ಸುತ್ತ ಹುಲ್ಲಿನಲ್ಲಿ ಅಕ್ಷರ ಅಳಿಸಿಹೋದ ಕಲ್ಲುಗಳಿವೆ, ಅವರ ಮನೆಯವರ ದುಃಖ ಸಣ್ಣದಾಗಿತ್ತಾ? ಪೀಠದ ಬಳಿಯ ಕೊನೆಯ ಕಿಟಕಿಗಳಿಗೆ ಜಾಗ ಮಾಡೋಕೆ ಅಲ್ಲಿದ್ದ ವಿಕ್ಟೋರಿಯಾ ಕಾಲದ ಗಾಜುಗಳನ್ನು ತೆಗೆದು ಪಾದ್ರಿಗಳ ಉಡುಪಿನ ಕೋಣೆಗೆ ಸಾಗಿಸಬೇಕಾಯಿತು. ಒಂದು ನೆನಪು ಬಂದು ಕೂರಬೇಕಾದರೆ ಹಳೆಯದೊಂದು ಸರಿದು ಜಾಗ ಬಿಡಬೇಕು. ದುಡ್ಡಿದ್ದವರ ದುಃಖಕ್ಕಷ್ಟೇ ಶಗಾಲ್ ಸಿಗೋದು ಅನ್ನೋದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ದುಡ್ಡು ಕೊಂಡದ್ದು ಗಾಜನ್ನು. ಮಗಳಿಗೆ ಏನಿಷ್ಟ ಅಂತ ಗೊತ್ತಿದ್ದದ್ದು ದುಡ್ಡಿನಿಂದಲ್ಲ. ಅದು ಜೊತೆಗೆ ಹೋಗಿ ಒಂದು ಪ್ರದರ್ಶನ ನೋಡಿದ್ದರಿಂದ, ಅವಳು ಯಾವುದರ ಮುಂದೆ ಹೆಚ್ಚು ಹೊತ್ತು ನಿಂತಳು ಅಂತ ಗಮನಿಸಿದ್ದರಿಂದ ಬಂದದ್ದು. ಅಷ್ಟನ್ನು ಯಾರು ಬೇಕಾದರೂ ಮಾಡಬಹುದು.

ನನ್ನ ಚಿಕ್ಕಪ್ಪನ ಮಗ 22ನೇ ವಯಸ್ಸಿನಲ್ಲಿ ಡೆಂಗ್ಯೂ ಬಂದು ಹೋದ. ಎಂಟು ವರ್ಷವಾಯಿತು. ಹಾಲ್‌ನಲ್ಲಿ ಟೀವಿಯ ಮೇಲೆ ಅವನ ಫೋಟೋ ಇದೆ. ಆ ಮನೆಯಲ್ಲಿ ಅವನ ಮಾತು ಬಂದರೆ ಆಸ್ಪತ್ರೆಯ ಕೊನೆಯ ಮೂರು ದಿನದ ಮಾತಷ್ಟೇ ಬರುತ್ತೆ. ಪ್ಲೇಟ್‌ಲೆಟ್ ಎಷ್ಟಿತ್ತು, ಯಾವಾಗ ಇಳಿಯಿತು, ಯಾರು ರಕ್ತ ಕೊಟ್ಟರು. 22 ವರ್ಷ ಮೂರು ದಿನದಲ್ಲಿ ಮುಚ್ಚಿಹೋಗಿದೆ.

ಊರಿಗೆ ಬಂದ ಮೇಲೆ ಚಿಕ್ಕಮ್ಮನಿಗೆ ಆ ಕಿಟಕಿಯ ಫೋಟೋ ತೋರಿಸಿ ಸಾರಾಳ ಕತೆ ಹೇಳಿದೆ. ಹೇಳಿ, "ಚಿಕ್ಕಮ್ಮಾ, ಅವನಿಗೆ ಏನು ಭಾಳ ಇಷ್ಟ ಇತ್ತು?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಬಸ್ಸು ಕಣೋ" ಅಂದರು. "ಸಣ್ಣೋನಿದ್ದಾಗ ಬಸ್ ಸ್ಟ್ಯಾಂಡಿಗೆ ಕರ್ಕೊಂಡೋದ್ರೆ ವಾಪಸ್ ಬರ್ತಾನೇ ಇರ್ಲಿಲ್ಲ. ಮನೇಲಿ ಕೂತ್ಕೊಂಡೇ ಸದ್ದು ಕೇಳಿ, ಇದು ಐದೂವರೆಯ ಅರಸೀಕೆರೆ ಗಾಡಿ ಅಂತಿದ್ದ. ಡ್ರೈವರ್‌ಗಳೆಲ್ಲ ಅವನಿಗೆ ಪರಿಚಯ." ಹೇಳ್ತಾ ಹೇಳ್ತಾ ನಗು ಬಂತು ಅವರಿಗೆ. ಚಿಕ್ಕಪ್ಪ ಒಳಗಿನಿಂದ ಎದ್ದು ಬಂದು, "ಟಿಕೆಟ್ ಎಲ್ಲಾ ಕೂಡಿಡ್ತಿದ್ದ, ಡಬ್ಬೀಲಿ" ಅಂತ ಸೇರಿಸಿದರು. ಡಬ್ಬಿ ಅಟ್ಟದ ಮೇಲೆ ಇನ್ನೂ ಇತ್ತು. ಆ ರಾತ್ರಿ ಊಟಕ್ಕೆ ಕೂತಾಗ ಹತ್ತೂವರೆ ದಾಟಿತ್ತು. ಪ್ಲೇಟ್‌ಲೆಟ್ ಮಾತು ಬರಲಿಲ್ಲ.

ಈ ಏಪ್ರಿಲ್‌ನಲ್ಲಿ ಅವನ ತಿಥಿಯ ದಿನ ಚಿಕ್ಕಪ್ಪ ಊರಿನ ಬಸ್ ಸ್ಟ್ಯಾಂಡಿನಲ್ಲಿ ಎರಡು ಕೊಳಗ ಮಜ್ಜಿಗೆ ಇಟ್ಟುಕೊಂಡು ಕೂತಿದ್ದರು. ಹೆಸರು ಬರೆದ ಬೋರ್ಡ್ ಹಾಕಿರಲಿಲ್ಲ. ಡ್ರೈವರ್, ಕಂಡಕ್ಟರ್‌ಗಳಿಗೆ ಮೊದಲ ಲೋಟ. ಯಾರೋ ಒಬ್ಬರು ಹಳಬರು ಕುಡಿದು ಲೋಟ ಇಟ್ಟು, "ನಿಮ್ಮ ಹುಡುಗ ಮುಂದಿನ ಸೀಟಿಗೇ ಬರ್ತಿದ್ದ, ಹಿಂದೆ ಕೂರ್ತಾನೇ ಇರಲಿಲ್ಲ" ಅಂದರಂತೆ. ಚಿಕ್ಕಮ್ಮ ಫೋನ್ ಮಾಡಿ ಇದನ್ನು ಹೇಳುವಾಗ ಅಳ್ತಿದ್ದರು. ಇಷ್ಟು ವರ್ಷ ಅತ್ತ ಹಾಗಲ್ಲ.

ನಿಮ್ಮ ಮನೆಯಲ್ಲೂ ಅಂಥ ಒಂದು ಫೋಟೋ ಇರಬಹುದು. ಮುಂದಿನ ಸಲ ಊರಿಗೆ ಹೋದಾಗ ಆ ಫೋಟೋದಲ್ಲಿರೋರಿಗೆ ಏನಿಷ್ಟ ಇತ್ತು ಅಂತ ದೊಡ್ಡೋರನ್ನ ಕೇಳಿ. ಕೇಳಿ ಸುಮ್ಮನೆ ಕೂತುಕೊಳ್ಳಿ, ಅವರು ಹೇಳ್ತಾರೆ.