ಪ್ರಮಾಣಪತ್ರದಲ್ಲಿ ಕಾಣದ ಬದಲಾವಣೆ

ಸೆರಾಮಿಕ್ ಬಿಡಿಭಾಗಗಳ ವ್ಯವಹಾರದಲ್ಲಿ ಸರಕು ತಿರಸ್ಕೃತವಾದಾಗ ಬಹುಮಟ್ಟಿಗೆ ಒಂದೇ ಬಗೆಯ ವಾದ ನಡೆಯುತ್ತದೆ. ಪುಡಿ ಪೂರೈಸಿದವರು ರಾಸಾಯನಿಕ ವಿಶ್ಲೇಷಣೆಯ ಪ್ರಮಾಣಪತ್ರವನ್ನು ಮುಂದಿಡುತ್ತಾರೆ. ಗ್ರೈಂಡಿಂಗ್ ಮಾಡಿಕೊಟ್ಟ ಜಾಬ್‌ವರ್ಕ್ ಘಟಕದವರು ಅಳತೆಯ ವರದಿಯನ್ನು ತೋರಿಸುತ್ತಾರೆ. ಎರಡರಲ್ಲಿಯೂ ದೋಷವಿರುವುದಿಲ್ಲ. ಆದರೂ ವಸ್ತುವಿನ ಮೈಯಲ್ಲಿ ಸೂಕ್ಷ್ಮ ಬಿರುಕುಗಳಿರುತ್ತವೆ, ನಷ್ಟವು ಚಿಕ್ಕ ಘಟಕದ ತಲೆಗೆ ಬೀಳುತ್ತದೆ.

ಈ ಎರಡೂ ಕಾಗದಗಳು ಹೇಳದ ಸಂಗತಿಯೆಂದರೆ ವಸ್ತುವಿನ ಪ್ರಾವಸ್ಥೆ, ಅಂದರೆ ಅದೇ ಪರಮಾಣುಗಳು ಸ್ಫಟಿಕದಲ್ಲಿ ಜೋಡಣೆಗೊಂಡಿರುವ ರೀತಿ. ಜಿರ್ಕೋನಿಯಾವನ್ನೇ ತೆಗೆದುಕೊಳ್ಳೋಣ. ಶುದ್ಧ ಜಿರ್ಕೋನಿಯಾ ಕೋಣೆಯ ಉಷ್ಣತೆಯಲ್ಲಿ ಮೋನೋಕ್ಲಿನಿಕ್ ರೂಪದಲ್ಲಿದ್ದು, ಸುಮಾರು 1170 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಟೆಟ್ರಾಗೋನಲ್ ಆಗುತ್ತದೆ. ಶೇಕಡಾ 3 ಮೋಲ್‌ನಷ್ಟು ಇಟ್ರಿಯಾ ಬೆರೆಸಿದಾಗ ಈ ಎರಡನೆಯ ರೂಪವನ್ನು ತಣ್ಣಗಾದ ಮೇಲೂ ಹಿಡಿದಿಡಬಹುದು. ಆದರೆ ಅದು ಬಲವಂತದ ಸ್ಥಿತಿ. ವಜ್ರದ ವ್ಹೀಲ್ ಮೇಲ್ಮೈಯನ್ನು ಉಜ್ಜಿದಾಗ ಅಲ್ಲಿನ ಕಣಗಳು ಮೋನೋಕ್ಲಿನಿಕ್ ರೂಪಕ್ಕೆ ಮರಳಿ, ಶೇಕಡಾ 4ರಿಂದ 5ರಷ್ಟು ಹಿಗ್ಗುತ್ತವೆ. ಹಿಗ್ಗುವಿಕೆ ಮಿತವಾಗಿದ್ದರೆ ಮೇಲ್ಪದರವು ಬಿಗಿದುಕೊಂಡು ವಸ್ತು ಗಟ್ಟಿಯಾಗುತ್ತದೆ. ಈ ಗುಣವನ್ನು ಆಸ್ಟ್ರೇಲಿಯಾದ ಗಾರ್ವಿ ಮತ್ತು ಸಂಗಡಿಗರು 1975ರಲ್ಲಿಯೇ ವಿವರಿಸಿದ್ದರು. ಮಿತಿ ಮೀರಿದರೆ ಬಿರುಕು. ಇನ್ನು ಕೂಲೆಂಟ್ ಸಾಲದೆ ಬಿಸಿ ಏರಿದರೆ ಬದಲಾವಣೆ ಹಿಮ್ಮುಖವಾಗಿಯೂ ನಡೆದು, ಗಟ್ಟಿತನ ನೀಡಿದ್ದ ಬಿಗಿತವೇ ಸಡಿಲಗೊಳ್ಳುತ್ತದೆ.

ಒತ್ತಡದಿಂದ ಪ್ರಾವಸ್ಥೆ ಬದಲಾಗಲು ದೊಡ್ಡ ಯಂತ್ರವೇ ಬೇಕೆಂದು ಭಾವಿಸಬೇಕಿಲ್ಲ. ರಾಂಚಿಯಲ್ಲಿ ಹುಟ್ಟಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ದುಡಿದ ರಸ್ಟಮ್ ರಾಯ್ ಅವರು ಡಾಷಿಲ್ ಅವರೊಡಗೂಡಿ, ಪ್ರಯೋಗಾಲಯದ ಕಲ್ಬತ್ತಿನಲ್ಲಿ ಅರೆಯುವುದರಿಂದಲೇ ಅಧಿಕ ಒತ್ತಡದ ರೂಪಗಳು ಹುಟ್ಟುತ್ತವೆಂದು 1960ರಲ್ಲಿ ತೋರಿಸಿದರು. ನಮ್ಮ ಬಾಲ್ ಮಿಲ್‌ಗಳಿಗೂ ಈ ಮಾತು ಅನ್ವಯಿಸುತ್ತದೆ: ಅನಾಟೇಸ್ ರೂಪದ ಟೈಟಾನಿಯಂ ಡೈಆಕ್ಸೈಡನ್ನು ದೀರ್ಘಕಾಲ ಅರೆದರೆ ಅಧಿಕ ಒತ್ತಡದ ರೂಪವೊಂದು ಮೂಡಿ, ಕಡೆಗೆ ರೂಟೈಲ್ ಆಗುತ್ತದೆ. ಜಪಾನಿನ ಕ್ಯುಶು ವಿಶ್ವವಿದ್ಯಾನಿಲಯದಲ್ಲಿ ಇದೇ ವಸ್ತುವನ್ನು ಹಲವು ಗಿಗಾಪಾಸ್ಕಲ್ ಒತ್ತಡದಲ್ಲಿ ತಿರುಚಿದಾಗ, ಒತ್ತಡ ತೆಗೆದ ಬಳಿಕವೂ ಹೊಸ ರೂಪ ಉಳಿಯಿತು. ಒಂದು ಗಿಗಾಪಾಸ್ಕಲ್ ಎಂದರೆ ವಾಯುಮಂಡಲದ ಒತ್ತಡದ ಸುಮಾರು ಹತ್ತು ಸಾವಿರ ಪಟ್ಟು. ಭಯಂಕರ ಸಂಖ್ಯೆ ಹೌದು. ಆದರೆ ವಜ್ರದ ಒಂದು ಕಣದ ಮೊನೆಯಡಿಯ ಒತ್ತಡವೂ ಗಿಗಾಪಾಸ್ಕಲ್‌ಗಳಲ್ಲಿಯೇ ಇರುತ್ತದೆ.

ಹೀಗಿರುವಾಗ ಪುಡಿಯ ಪ್ರಮಾಣಪತ್ರವೊಂದನ್ನೇ ನೆಚ್ಚಿ ಸಿದ್ಧವಸ್ತುವಿನ ಗುಣಮಟ್ಟಕ್ಕೆ ಹೊಣೆ ನಿಗದಿಪಡಿಸುವುದು ನ್ಯಾಯವಲ್ಲ. ದೇಹದೊಳಗೆ ಅಳವಡಿಸುವ ಜಿರ್ಕೋನಿಯಾಕ್ಕೆ ಐಎಸ್‌ಒ 13356 ಮಾನಕವು ಮೋನೋಕ್ಲಿನಿಕ್ ಅಂಶದ ಮಿತಿಯನ್ನು ಗೊತ್ತುಪಡಿಸಿದೆ. ಪಂಪಿನ ಸೀಲ್, ನೂಲಿನ ಗೈಡ್ ಮುಂತಾದವುಗಳ ಖರೀದಿ ಆದೇಶದಲ್ಲಿಯೂ ಅಂತಹ ಮಿತಿಯನ್ನು, ಅದನ್ನು ಗ್ರೈಂಡಿಂಗ್‌ಗೆ ಮುನ್ನ ಅಳೆಯಬೇಕೋ ಅನಂತರವೋ ಎಂಬುದನ್ನು, ಸ್ಪಷ್ಟವಾಗಿ ಬರೆಸಿಕೊಳ್ಳುವುದು ನಮ್ಮ ಸದಸ್ಯರಿಗೆ ಹಿತಕರ. ಇದನ್ನು ಎಕ್ಸ್-ರೇ ಡಿಫ್ರಾಕ್ಷನ್ ಪರೀಕ್ಷೆ ತಿಳಿಸುತ್ತದೆ. ಆ ಯಂತ್ರವನ್ನು ಸಣ್ಣ ಘಟಕವೊಂದು ತಾನೇ ಕೊಳ್ಳಲಾರದು, ಕೊಳ್ಳಬೇಕಾಗಿಯೂ ಇಲ್ಲ. ಕೇಂದ್ರ ಸರ್ಕಾರದ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ಅನುದಾನದ ಅವಕಾಶವಿದೆ. ಸೆರಾಮಿಕ್ ಕೆಲಸದ ಘಟಕಗಳ ಪಟ್ಟಿಯೊಂದನ್ನು ನಮ್ಮ ಸಂಸ್ಥೆಯು ಮೊದಲು ಸಿದ್ಧಪಡಿಸಿದಲ್ಲಿ, ಅರ್ಜಿಗೆ ಬೇಕಾದ ಅರ್ಧ ಕೆಲಸ ಮುಗಿದಂತೆ. ಅಲ್ಲಿಯವರೆಗೆ ಸಮೀಪದ ವಿಶ್ವವಿದ್ಯಾನಿಲಯದ ಪ್ರಯೋಗಾಲಯದೊಡನೆ ರಿಯಾಯಿತಿ ದರದ ಒಪ್ಪಂದ ಮಾಡಿಕೊಳ್ಳಬಹುದು.