ಬಿಟ್ಟಿ ಎಂದು ಬಿಸಾಡಬೇಡಿ, ಇದು ನಿಮ್ಮದೇ ಸೊತ್ತು!



ರಾಜ್ಯೋತ್ಸವ ಬಂತೆಂದರೆ ಬ್ಯಾನರ್ ಆಗಬೇಕು, ಪೋಸ್ಟರ್ ಆಗಬೇಕು. ಆಗ ನೀವೇನು ಮಾಡುತ್ತೀರಿ? ಯಾರದೋ ಪೆನ್‌ಡ್ರೈವ್‌ನಿಂದ ಕದ್ದ ಫೋಟೋಶಾಪ್ ತಂದು ಹಾಕಿಕೊಳ್ಳುತ್ತೀರಿ. 'ಗಿಂಪ್ ಇದೆಯಲ್ಲ, ಕಾಸು ಕೊಡಬೇಕಿಲ್ಲ, ಕದಿಯಲೂಬೇಕಿಲ್ಲ' ಎಂದರೆ ಮುಖ ಸಿಂಡರಿಸುತ್ತೀರಿ. 'ಅಯ್ಯೋ, ಅದು ಬಿಟ್ಟಿ ಸಾಫ್ಟ್‌ವೇರ್ ಗುರು, ತಲೆಬುಡ ಅರ್ಥವಾಗಲ್ಲ' ಎನ್ನುತ್ತೀರಿ. ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ಬರೀ ಪೂರ್ವಗ್ರಹ.

ನಿಜವನ್ನು ಮೊದಲು ಒಪ್ಪಿಕೊಳ್ಳೋಣ. 2012ರಲ್ಲಿ 2.8 ಆವೃತ್ತಿ ಬರುವವರೆಗೆ ಗಿಂಪ್ ತೆರೆದರೆ ಉಪಕರಣಗಳಿಗೊಂದು ಕಿಟಕಿ, ಪದರಗಳಿಗೊಂದು ಕಿಟಕಿ, ಚಿತ್ರಕ್ಕೊಂದು ಕಿಟಕಿ. ಸಂತೆಯಲ್ಲಿ ಹರಡಿದ ಅಂಗಡಿಗಳಂತೆ ಎಲ್ಲವೂ ಚೆಲ್ಲಾಪಿಲ್ಲಿ. ಅವನ್ನೆಲ್ಲ ಒಂದೇ ಕಿಟಕಿಗೆ ತರುವ ಸೌಲಭ್ಯ ಕೊಟ್ಟ ಅದೇ 2.8 ಇನ್ನೊಂದು ತಲೆನೋವನ್ನೂ ತಂದಿತು. 'ಸೇವ್' ಒತ್ತಿದರೆ ಗಿಂಪ್‌ನ ಸ್ವಂತ ಎಕ್ಸ್‌ಸಿಎಫ್ ಕಡತ ಮಾತ್ರ ಸಿಗುತ್ತದೆ, ಜೆಪೆಗ್ ಬೇಕಾದರೆ 'ಎಕ್ಸ್‌ಪೋರ್ಟ್'ಗೆ ಹೋಗಬೇಕು. ಒಂದು ವೃತ್ತ ಬರೆಯಬೇಕೆಂದರೂ ವರ್ಷಾನುಗಟ್ಟಲೆ ಸುತ್ತು ಬಳಸಿನ ದಾರಿಯೇ ಗತಿ. ಮೂಲ ಚಿತ್ರ ಕೆಡದಂತೆ ಬಣ್ಣ ತಿದ್ದುವ ಪದರಗಳು ಫೋಟೋಶಾಪ್‌ಗೆ 1996ರಲ್ಲೇ ಬಂದಿದ್ದವು. ಗಿಂಪ್‌ಗೆ ಅಂಥ ಅನುಕೂಲ ಬಂದದ್ದು 2025ರ ಮಾರ್ಚ್‌ನಲ್ಲಿ, 3.0 ಆವೃತ್ತಿಯಲ್ಲಿ! ಹೆಸರೂ ಎಡವಟ್ಟು. ಇಂಗ್ಲಿಷಿನಲ್ಲಿ ಅದು ಅಂಗವಿಕಲರನ್ನು ಹೀಯಾಳಿಸುವ ಮಾತು. ಆ ಕಾರಣಕ್ಕೇ 2019ರಲ್ಲಿ ಕೆಲವರು 'ಗ್ಲಿಂಪ್ಸ್' ಎಂಬ ಕವಲು ತೆಗೆದರು. ದುಡಿಯುವ ಕೈ ಸಾಲದೆ 2021ರಲ್ಲಿ ಅದು ನಿಂತೇ ಹೋಯಿತು.

ಈಗ ಪೂರ್ವಗ್ರಹದ ಮಾತು. ಗಿಂಪ್ ಯಾರ ಮನೆಯ ಕೂಸು? 1995ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ಹುಡುಗರು ಶುರುಮಾಡಿದ್ದು. ನಿಮ್ಮ ವಯಸ್ಸಿನವರೇ! ಗಿಂಪ್‌ಗಾಗಿ ಅವರು ಕಟ್ಟಿಕೊಂಡ ಜಿಟಿಕೆ ಎಂಬ ಉಪಕರಣದ ಮೇಲೆಯೇ ಮುಂದೆ ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್ ಎದ್ದು ನಿಂತಿತು. ಇದನ್ನು ಬಿಟ್ಟಿ ಮಾಲು ಎನ್ನುತ್ತೀರಾ? ಬಿಟ್ಟಿ ಬೇರೆ, ಬಿಡುಗಡೆ ಬೇರೆ. ಇದರ ಒಳಗುಟ್ಟು ಎಲ್ಲರಿಗೂ ತೆರೆದಿದೆ. ನೋಡಬಹುದು, ತಿದ್ದಬಹುದು, ಹಂಚಬಹುದು. ಫೋಟೋಶಾಪ್ ನೋಡಿ: 2013ರಿಂದ ಅದರ ಹೊಸ ಆವೃತ್ತಿಗಳು ಬಾಡಿಗೆಗೆ ಮಾತ್ರ. ಬಾಡಿಗೆ ನಿಲ್ಲಿಸಿದ ದಿನ ಬಾಗಿಲು ಬಂದ್! ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವ ಹಕ್ಕು ಯಾರಿಗಿದೆ?

'ಕಷ್ಟ' ಎನ್ನುವುದರಲ್ಲೂ ಬಹುಪಾಲು ಅಭ್ಯಾಸದ ಮಾತು. ಮೊದಲ ದಿನವೇ ಫೋಟೋಶಾಪ್ ಹಿಡಿದ ಕೈಗೆ ಇನ್ನೊಂದು ವಿಚಿತ್ರವಾಗಿಯೇ ಕಾಣುತ್ತದೆ. ಸೈಕಲ್ ಕಲಿಯುವಾಗ ಎಷ್ಟು ಸಲ ಬಿದ್ದಿರಿ, ನೆನಪಿದೆಯೇ? ಗಿಂಪ್‌ಗೆ ಅರ್ಧ ಗಂಟೆಯನ್ನಾದರೂ ಕೊಟ್ಟಿದ್ದೀರಾ?

ಇನ್ನು ನಮ್ಮ ಕನ್ನಡದ ಕಥೆ ಕೇಳಿ. ಬಹಳ ವರ್ಷ ಫೋಟೋಶಾಪ್‌ನಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕದಲ್ಲಿ ಒದ್ದಾಡುತ್ತಿದ್ದವು. ಅದಕ್ಕೇ ನಮ್ಮ ಡಿಟಿಪಿಯವರು ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಿಗೆ ಜೋತುಬಿದ್ದರು. ಆ ಅಕ್ಷರ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಕಸ. ಬೇರೆಡೆ ಅಂಟಿಸಿದರೆ ಓದಲಾಗದು, ಹುಡುಕಿದರೆ ಸಿಗದು. ಆಮೇಲಿನ ಫೋಟೋಶಾಪ್ ಸರಿಹೋಯಿತು, ಆದರೆ ನಮ್ಮ ಚಾಳಿ ಹೋಗಲಿಲ್ಲ. ಗಿಂಪ್ ಅಕ್ಷರ ಜೋಡಿಸುವುದು ಪ್ಯಾಂಗೋ, ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶಗಳಿಂದ. ಕನ್ನಡದ ಕಾಗುಣಿತ, ಒತ್ತು ಎರಡನ್ನೂ ಅವು ಬಲ್ಲವು. ಕೇದಗೆ, ಮಲ್ಲಿಗೆ, ನೋಟೋ, ಬಾಲೂ ತಮ್ಮ, ಎಲ್ಲವೂ ಕಾಸಿಲ್ಲದೆ ಸಿಗುವ ಯೂನಿಕೋಡ್ ಫಾಂಟುಗಳೇ. ಕನ್ನಡದ ಬ್ಯಾನರನ್ನು ಕದ್ದ ಮಾಲಿನಲ್ಲಿ, ಕನ್ನಡವೇ ಅಲ್ಲದ ಅಕ್ಷರದಲ್ಲಿ ಬರೆದು ಅಭಿಮಾನ ಮೆರೆಯುತ್ತೇವಲ್ಲ, ಇದೆಂಥ ಅಭಿಮಾನ?

ಹಾಗೆಂದು ಗಿಂಪನ್ನು ತಲೆಯ ಮೇಲೆ ಹೊತ್ತು ಮೆರೆಸಿ ಎನ್ನುತ್ತಿಲ್ಲ. ದೊಡ್ಡ ಮುದ್ರಣಕ್ಕೆ ಬೇಕಾದ ಸಿಎಂವೈಕೆ ಬಣ್ಣದ ಕೆಲಸದಲ್ಲಿ ಅದು ಇಂದಿಗೂ ಹಿಂದೆಯೇ. ಮುದ್ರಣವೇ ಕಸುಬಾದವರು ಹಣ ಕೊಟ್ಟು ಫೋಟೋಶಾಪ್ ಬಳಸಲಿ, ತಕರಾರಿಲ್ಲ. ಆದರೆ ಹಬ್ಬದ ಶುಭಾಶಯಕ್ಕೆ, ಸಭೆಯ ಕರೆಯೋಲೆಗೆ, ಫೋಟೋ ತಿದ್ದಲು ಗಿಂಪ್ ಧಾರಾಳವಾಗಿ ಸಾಕು.

ನಿಮ್ಮಲ್ಲಿ ಕೇಳುವುದು ಎರಡೇ. ಒಂದು ತಿಂಗಳು ಗಿಂಪ್ ಹಿಡಿದು ಒಂದೇ ಒಂದು ಕನ್ನಡ ಪೋಸ್ಟರ್ ಮಾಡಿ. ಎಲ್ಲಿ ಎಡವಿದಿರೋ ಅದನ್ನು ಬರೆದು, ಕಟ್ಟುವವರಿಗೆ ಮುಟ್ಟಿಸಿ. ಅದರ ಮೆನುಗಳನ್ನು ಕನ್ನಡಕ್ಕೆ ತರುವ ಕೆಲಸಕ್ಕೂ ಯಾರ ಅಪ್ಪಣೆಯೂ ಬೇಕಿಲ್ಲ, ಸ್ವಯಂಸೇವಕರಿಗೆ ಬಾಗಿಲು ತೆರೆದೇ ಇದೆ. ಬೈಯುವ ಹಕ್ಕು ನಿಮಗಿದೆ. ಆದರೆ ಇಲ್ಲಿ ಬೈದವನಿಗೇ ರಿಪೇರಿ ಮಾಡುವ ಹಕ್ಕೂ ಇದೆ. ಬಾಡಿಗೆ ಮನೆಯಲ್ಲಿ ಅದು ಸಿಕ್ಕೀತೇ? ಯೋಚಿಸಿ!