ಚೀಲದ ಮುದ್ರೆ ನೋಡಿ ಬೆಲೆ ಕಟ್ಟಬೇಡಿ

ಸಂತೆಯಲ್ಲಿ ಚೀಲಕ್ಕೆ ಕೈ ಹಾಕಿ ನೋಡದೆ ನಾವು ರಾಗಿ ಕೊಳ್ಳುವುದಿಲ್ಲ. ಲೆಕ್ಕಶಾಸ್ತ್ರದ ಎಷ್ಟೋ ಪ್ರೊಫೆಸರುಗಳು ಮಾತ್ರ ಚೀಲದ ಮುದ್ರೆಯನ್ನೇ ನಂಬುತ್ತಾರೆ.

ಆಸ್ಟ್ರೇಲಿಯಾದ ಬಿಸಿನೆಸ್ ಡೀನ್‌ಗಳ ಮಂಡಳಿ ಸಂಶೋಧನಾ ಪತ್ರಿಕೆಗಳಿಗೆ ಎ-ಸ್ಟಾರ್, ಎ, ಬಿ, ಸಿ ಎಂದು ದರ್ಜೆ ಕೊಡುತ್ತದೆ. ಕೆಲಸ, ಬಡ್ತಿಯ ಹೊತ್ತಿಗೆ ಲೇಖನಕ್ಕಿಂತ ಈ ಅಕ್ಷರವೇ ದೊಡ್ಡದಾಗಿಬಿಡುತ್ತದೆ.

ಅಮೆರಿಕದ ‘ದಿ ಅಕೌಂಟಿಂಗ್ ರಿವ್ಯೂ’ಗೆ ಎ-ಸ್ಟಾರ್ ಇದೆ. ಆಡಿಟರುಗಳು ವಂಚನೆ ಪತ್ತೆ ಮಾಡುವ ಬಗೆಯ ಕುರಿತು 2010ರಲ್ಲಿ ಅದು ಜೇಮ್ಸ್ ಹಂಟನ್ ಅವರ ಜಂಟಿ ಲೇಖನ ಪ್ರಕಟಿಸಿತು. 2012ರಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಹಂಟನ್ ಕೊಟ್ಟ ಅಂಕಿಅಂಶವೇ ಕಟ್ಟುಕತೆ ಎಂದು 2014ರಲ್ಲಿ ಬೆಂಟ್ಲಿ ವಿಶ್ವವಿದ್ಯಾಲಯದ ತನಿಖೆ ಹೇಳಿತು.

ದುಡ್ಡಿಗೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳನ್ನು ಜರಡಿ ಹಿಡಿಯಲು ಪಟ್ಟಿ ಇರಲಿ. ಬೆಲೆ ಕಟ್ಟುವ ಮೊದಲು ಲೇಖನ ಓದಿ, ಮೂಲ ದಾಖಲೆ ಕೇಳಿ. ಖಾತೆ ಪುಸ್ತಕದ ರಟ್ಟು ನೋಡಿ ಸಹಿ ಹಾಕುವ ಆಡಿಟರನ್ನು ಯಾರಾದರೂ ಒಪ್ಪುತ್ತಾರೆಯೇ?